ಸೀಲಿಂಗ್ ಮೇಲಿನ ಉಬ್ಬು ಡಿಸೈನ್: ಕೆರೆಸುವುದಾ, ಮುಚ್ಚಿಸುವುದಾ?

ದಸರಾ, ದೀಪಾವಳಿ ಹತ್ತಿರ ಬಂತೆಂದರೆ ದಾವಣಗೆರೆಯಲ್ಲಿ ಪೇಂಟರ್‌ಗಳು ಕೈಗೆ ಸಿಗುವುದಿಲ್ಲ. ಗೋಡೆಗೆ ಯಾವ ಬಣ್ಣ ಅನ್ನುವುದು ಮನೆಯಲ್ಲಿ ಹೇಗೋ ತೀರ್ಮಾನವಾಗುತ್ತದೆ. ತಲೆ ಎತ್ತಿ ನೋಡಿದಾಗಲೇ ತಕರಾರು ಶುರು. ಪಿ.ಜೆ. ಬಡಾವಣೆ, ವಿದ್ಯಾನಗರ, ನಿಟ್ಟುವಳ್ಳಿ ಕಡೆಯ ಹಳೇ ಆರ್‌ಸಿಸಿ ಮನೆಗಳಲ್ಲಿ ನುಣ್ಣನೆ ಸೀಲಿಂಗ್ ಇಲ್ಲದವು ಬೇಕಾದಷ್ಟಿವೆ. ಎಲ್ಲೋ ಚುಕ್ಕಿ ಚುಕ್ಕಿ, ಎಲ್ಲೋ ಬಾಚಣಿಗೆಯಲ್ಲಿ ಎಳೆದ ಅರ್ಧಚಂದ್ರದ ಗೆರೆ, ಫ್ಯಾನಿನ ಸುತ್ತ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಹೂವು. ಮಾಡಿಸಿದಾಗ ಅದು ಷೋಕಿ. ಈಗ ಅದರ ಸಂದಿಯಲ್ಲೆಲ್ಲ ಧೂಳು, ಜೇಡರ ಬಲೆ, ಇಲ್ಲಣ. ಅಡುಗೆಮನೆಯಾದರೆ ಒಗ್ಗರಣೆ ಹೊಗೆಯ ಜಿಡ್ಡು ಬೇರೆ.

ಆಗ ಮಕ್ಕಳು ಮೊಬೈಲ್‌ನಲ್ಲಿ ಒಂದು ವಿಡಿಯೊ ತೋರಿಸುತ್ತಾರೆ. ಒಬ್ಬ ಸೀಲಿಂಗ್‌ಗೆ ನೀರು ಚಿಮುಕಿಸುತ್ತಾನೆ, ಸ್ವಲ್ಪ ಹೊತ್ತು ಬಿಟ್ಟು ಅಗಲದ ಬ್ಲೇಡ್ ತಳ್ಳುತ್ತಾನೆ, ಡಿಸೈನ್ ಎಲ್ಲ ಮೆತ್ತಗಾಗಿ ಕೆಳಗೆ ಬೀಳುತ್ತದೆ. ಇಷ್ಟೇ ಅಲ್ವಾ ಅನ್ನಿಸುತ್ತದೆ. ನಮ್ಮ ಮನೆಯಲ್ಲಿ ಅದನ್ನೇ ಮಾಡಿದರೆ ಹೆಚ್ಚಿನ ಸಲ ನೆಲ ಒದ್ದೆಯಾಗುತ್ತದೆ, ಸೀಲಿಂಗ್ ಮಾತ್ರ ಇದ್ದಂತೆಯೇ ಇರುತ್ತದೆ. ಯಾಕೆ ಅನ್ನುವುದು ಗೊತ್ತಾದರೆ ಮುಂದಿನ ಕೆಲಸ ಅರ್ಧ ಮುಗಿದಂತೆ.

ಮೊದಲಿಗೆ ಇದನ್ನು ಮಾಡಿದ್ದು ಯಾಕೆ?

ಮೋಲ್ಡ್, ಅಂದರೆ ಕಾಂಕ್ರೀಟ್ ಚಾವಣಿ, ಹಾಕುವಾಗ ಕೆಳಗೆ ಸೆಂಟ್ರಿಂಗ್ ಹಲಗೆ ಅಥವಾ ಶೀಟು ಜೋಡಿಸುತ್ತಾರೆ. ಅದನ್ನು ಬಿಚ್ಚಿದಾಗ ಜೋಡಣೆಯ ಗೆರೆ, ಏರು ತಗ್ಗು ಎಲ್ಲ ಕಾಂಕ್ರೀಟ್ ಮೇಲೆ ಅಚ್ಚೊತ್ತಿರುತ್ತದೆ. ಇದನ್ನು ಮಟ್ಟಸ ಮಾಡಲು ಸುಮಾರು 6 ಮಿ.ಮೀ. ದಪ್ಪದ ಗಾರೆ ಹಾಕುವುದು ವಾಡಿಕೆ. ಕತ್ತು ಮೇಲೆ ಮಾಡಿಕೊಂಡು ಕರಣೆ ಎಳೆಯುವ ಕೆಲಸ ಗೋಡೆ ಗಾರೆಗಿಂತ ಕಷ್ಟ. ಎಷ್ಟೇ ಮಾಡಿದರೂ ಅಲೆ ಉಳಿಯುತ್ತದೆ. ನುಣ್ಣನೆ ಸೀಲಿಂಗ್‌ನಲ್ಲಿ ಆ ಅಲೆ ಟ್ಯೂಬ್‌ಲೈಟ್ ಹಾಕಿದ ತಕ್ಷಣ ಕಣ್ಣಿಗೆ ಹೊಡೆಯುತ್ತದೆ. ಉಬ್ಬು ಡಿಸೈನ್ ಇದ್ದರೆ ಕಾಣುವುದಿಲ್ಲ. ಚಂದಕ್ಕಿಂತ ಹೆಚ್ಚಾಗಿ ಅದು ಹುಳುಕು ಮುಚ್ಚುವ ಉಪಾಯ.

ಅಮೆರಿಕದಲ್ಲೂ ಇದೇ ಕಥೆ. ಅಲ್ಲಿ ಮರದ ತೊಲೆಗಳಿಗೆ ಜಿಪ್ಸಂ ಬೋರ್ಡ್ ಹೊಡೆದು ಸೀಲಿಂಗ್ ಮಾಡುತ್ತಾರೆ. ಬೋರ್ಡ್‌ಗಳ ಸಂದು ಕಾಣದಿರಲಿ ಅಂತ 1950ರ ದಶಕದಿಂದ 1980ರ ದಶಕದವರೆಗೆ ಮೆಷಿನ್‌ನಲ್ಲಿ ಕಾಳು ಕಾಳಾದ ಮಿಶ್ರಣ ಸ್ಪ್ರೇ ಮಾಡುತ್ತಿದ್ದರು. ಪಾಪ್‌ಕಾರ್ನ್ ಸೀಲಿಂಗ್ ಅನ್ನುವುದು ಅದಕ್ಕೇ. ವಿಡಿಯೊದಲ್ಲಿ ಕೆರೆಯುವುದು ಅದನ್ನು.

ಇದರಿಂದ ಒಂದು ವಿಷಯ ಈಗಲೇ ಗೊತ್ತಾಗುತ್ತದೆ. ಡಿಸೈನ್ ತೆಗೆದರೆ ಒಳಗಿನ ಹುಳುಕು ಹೊರಗೆ ಬರುತ್ತದೆ. ಕೆರೆಸಿದ ಮೇಲೆ ನುಣ್ಣನೆ ಸೀಲಿಂಗ್ ಸಿಗುವುದಿಲ್ಲ, ನುಣ್ಣಗೆ ಮಾಡಬೇಕಾದ ಸೀಲಿಂಗ್ ಸಿಗುತ್ತದೆ.

ಹಿಡಿದಿಟ್ಟಿರುವುದು ಯಾವ ಪಾಕ?

ಮಂಡಕ್ಕಿ ಉಂಡೆಯನ್ನೇ ತೆಗೆದುಕೊಳ್ಳಿ. ಉಂಡೆ ಎಷ್ಟು ಗಟ್ಟಿ ಅನ್ನುವುದು ಮಂಡಕ್ಕಿಯ ಮೇಲಲ್ಲ, ಬೆಲ್ಲದ ಪಾಕದ ಮೇಲೆ ನಿಂತಿದೆ. ನೀರಿಗೆ ಹಾಕಿದರೆ ಪಾಕ ಕರಗಿ ಉಂಡೆ ಬಿಚ್ಚಿಕೊಳ್ಳುತ್ತದೆ. ಸೀಲಿಂಗ್ ಡಿಸೈನ್ ಕೂಡ ಅಷ್ಟೇ. ಒಳಗೆ ಮರಳೋ ಕಲ್ಲಿನ ಪುಡಿಯೋ ಇರುತ್ತದೆ, ಅದನ್ನು ಹಿಡಿದಿಡುವ ಪಾಕ ಒಂದಿರುತ್ತದೆ. ನೀರಿಗೆ ಕರಗುವ ಪಾಕವಾದರೆ ಕೆರೆಯಬಹುದು. ಇಲ್ಲದಿದ್ದರೆ ಒಡೆಯಬೇಕು, ಇಲ್ಲವೇ ಮುಚ್ಚಬೇಕು.

ಅಮೆರಿಕದ ಸ್ಪ್ರೇ ಸೀಲಿಂಗ್‌ಗೆ ಬಣ್ಣ ಬಳಿಯದಿದ್ದರೆ ಪಾಕ ನೀರಿಗೆ ಮೆತ್ತಗಾಗುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವುದು ಬೇರೆ.

ಒಂದು, ಸಿಮೆಂಟ್. ಗಾರೆ ಹಸಿ ಇರುವಾಗಲೇ ಚುಕ್ಕಿ ಎರಚಿದ್ದು ಅಥವಾ ಗೆರೆ ಎಳೆದದ್ದು. ಸಿಮೆಂಟ್ ಒಣಗಿ ಗಟ್ಟಿಯಾಗುವುದಲ್ಲ, ನೀರಿನ ಜೊತೆ ರಾಸಾಯನಿಕವಾಗಿ ಸೇರಿ ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ನೀರು ಹೊಡೆದರೂ ಅದು ಹಿಂದಕ್ಕೆ ಹೋಗುವುದಿಲ್ಲ.

ಎರಡು, ಪಿಒಪಿ. ಜಿಪ್ಸಂ ಕಲ್ಲನ್ನು ಸುಮಾರು 150 ಡಿಗ್ರಿಗೆ ಕಾಯಿಸಿದರೆ ಅದರೊಳಗಿನ ನೀರಿನಲ್ಲಿ ಮುಕ್ಕಾಲು ಪಾಲು ಹಾರಿಹೋಗುತ್ತದೆ. ಉಳಿದ ಪುಡಿಗೆ ನೀರು ಕಲಸಿದರೆ ಅರ್ಧ ಗಂಟೆಯೊಳಗೆ ಮತ್ತೆ ಕಲ್ಲಾಗುತ್ತದೆ. ಇದು ಸಿಮೆಂಟ್‌ನಷ್ಟು ಗಟ್ಟಿಯಲ್ಲ. ನೀರು ಕುಡಿದರೆ ಸಡಿಲವಾಗುತ್ತದೆ, ಬ್ಲೇಡ್‌ಗೆ ಬರುತ್ತದೆ.

ಮೂರು, ಟೆಕ್ಸ್ಚರ್ ಪೇಂಟ್. ರೋಲರ್‌ನಲ್ಲಿ ಉರುಳಿಸಿದ ದಪ್ಪ ಬಣ್ಣ. ಇದರ ಪಾಕ ಅಕ್ರಿಲಿಕ್, ಅಂದರೆ ಒಂದು ಬಗೆಯ ಪ್ಲಾಸ್ಟಿಕ್. ನೀರಿಗೆ ಜಗ್ಗುವುದಿಲ್ಲ.

ಇನ್ನೊಂದಿದೆ, ಅದು ಡಿಸೈನೇ ಅಲ್ಲ. ವರ್ಷ ವರ್ಷ ಹೊಡೆದ ಸುಣ್ಣ, ಡಿಸ್ಟೆಂಪರ್ ಪದರಗಳು ಹಕ್ಕಳೆ ಎದ್ದು ಒರಟಾಗಿರುವುದು. ಇದನ್ನು ಕೆರೆಯಲೇಬೇಕು, ಬೇರೆ ದಾರಿಯಿಲ್ಲ. ಹಕ್ಕಳೆಯ ಮೇಲೆ ಏನು ಅಂಟಿಸಿದರೂ ಅದು ಹಕ್ಕಳೆಯ ಜೊತೆಗೇ ಬರುತ್ತದೆ.

ನಿಮ್ಮದು ಯಾವುದು ಅಂತ ತಿಳಿಯುವುದು ಹೇಗೆ?

ಕೋಣೆಯ ಮೂಲೆಯಲ್ಲಿ, ಬೀರು ಹಿಂದೆ ಕಾಣದ ಜಾಗದಲ್ಲಿ, ಒಂದು ಅಡಿ ಚೌಕ ಆರಿಸಿಕೊಳ್ಳಿ. ಮೊದಲು ಮೊಳೆಯಿಂದ ನಾಲ್ಕಾರು ಗೀರು ಹಾಕಿ. ಇದನ್ನು ಬಿಡಬೇಡಿ. ಮೇಲೆ ಎಮಲ್ಷನ್ ಬಣ್ಣ ಇದ್ದರೆ ನೀರು ಒಳಗೆ ಇಳಿಯುವುದೇ ಇಲ್ಲ, ಪರೀಕ್ಷೆ ಸುಳ್ಳು ಹೇಳುತ್ತದೆ. ಆಮೇಲೆ ನೀರು ಚಿಮುಕಿಸಿ ಒಂದು ಕಾಲು ಗಂಟೆ ಬಿಡಿ. ಪುಟ್ಟಿ ಬ್ಲೇಡ್‌ನಿಂದ ಕೆರೆದು ನೋಡಿ.

ಬಿಳಿ ಮುದ್ದೆ ಮುದ್ದೆಯಾಗಿ ಬಂದರೆ ಪಿಒಪಿ. ಬೂದು ಬಣ್ಣದ ಮರಳು ಉದುರಿ ಬ್ಲೇಡ್ ಕಿರ್ ಅಂದರೆ ಸಿಮೆಂಟ್. ರಬ್ಬರಿನಂಥ ಸಿಪ್ಪೆ ಎದ್ದರೆ ಟೆಕ್ಸ್ಚರ್ ಪೇಂಟ್. ಬರೀ ಕೈಯಲ್ಲಿ ಉಜ್ಜಿದಾಗಲೇ ಅಂಗೈ ಬೆಳ್ಳಗಾದರೆ ಸುಣ್ಣ ಅಥವಾ ಡಿಸ್ಟೆಂಪರ್.

ಹಳೇ ಪೇಟೆಯ ಕಡೆ, ಅಥವಾ ಚಿತ್ರದುರ್ಗ, ಚಳ್ಳಕೆರೆ ಸೀಮೆಯಲ್ಲಿ ಜಂತೆ ಹಾಕಿದ ಮಾಳಿಗೆ ಮನೆ ನಿಮ್ಮದಾಗಿದ್ದರೆ ಈ ಲೇಖನದ ಕೆಲಸ ಯಾವುದೂ ಅಲ್ಲಿ ಬೇಡ. ಅಲ್ಲಿ ಮೇಲಿರುವುದು ಮಣ್ಣು ಮತ್ತು ಮರ. ಅದಕ್ಕೆ ಗೊತ್ತಿರುವ ಕೈಯೇ ಬೇಕು.

ಆಸ್‌ಬೆಸ್ಟಾಸ್ ಭಯ ನಮಗೂ ಇದೆಯಾ?

ಆ ವಿಡಿಯೊಗಳಲ್ಲಿ ಕೆರೆಯುವ ಮೊದಲು ಲ್ಯಾಬ್ ಟೆಸ್ಟ್ ಮಾಡಿಸಿ ಅಂತ ಒತ್ತಿ ಹೇಳುತ್ತಾರೆ. ಕಾರಣ ಆಸ್‌ಬೆಸ್ಟಾಸ್. ಇದು ನೆಲದಿಂದ ತೆಗೆಯುವ, ನಾರು ನಾರಾದ ಖನಿಜ. ಬೆಂಕಿಗೆ ಜಗ್ಗುವುದಿಲ್ಲ ಅಂತ ಒಂದು ಕಾಲದಲ್ಲಿ ಎಲ್ಲದಕ್ಕೂ ಬೆರೆಸುತ್ತಿದ್ದರು. ಕಣ್ಣಿಗೆ ಕಾಣದ ಅದರ ಎಳೆಗಳು ಉಸಿರಿನ ಜೊತೆ ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದು ಕಷ್ಟ. ಕ್ಯಾನ್ಸರ್ ತರುತ್ತದೆ, ಅದೂ ಇಪ್ಪತ್ತು ಮೂವತ್ತು ವರ್ಷ ಬಿಟ್ಟು. ಅಮೆರಿಕದಲ್ಲಿ 1978ರಲ್ಲಿ ಇದನ್ನು ಸೀಲಿಂಗ್‌ಗೆ ಸ್ಪ್ರೇ ಮಾಡುವುದನ್ನು ನಿಷೇಧಿಸಿದರು. ಬ್ರಿಟನ್ 1999ರಲ್ಲಿ ಪೂರ್ತಿ ನಿಲ್ಲಿಸಿತು.

ಅಂಥ ಸ್ಪ್ರೇ ಸೀಲಿಂಗ್ ನಮ್ಮ ಆರ್‌ಸಿಸಿ ಮನೆಗಳಲ್ಲಿ ಕಾಣಸಿಗುವುದು ಅಪರೂಪ. ನಮ್ಮಲ್ಲಿ ಆಸ್‌ಬೆಸ್ಟಾಸ್ ಇರುವುದು ಬೇರೆ ಕಡೆ, ಸಿಮೆಂಟ್ ಶೀಟಿನಲ್ಲಿ. ಮಹಡಿ ಮೇಲಿನ ಕೋಣೆ, ಗೋಡೌನು, ಬಾಡಿಗೆ ಮನೆ, ಹಿತ್ತಲ ಬಚ್ಚಲು, ಎಲ್ಲ ಕಡೆ ಇದೇ ಶೀಟು. ಭಾರತದಲ್ಲಿ ಇದರ ಬಳಕೆಗೆ ಈಗಲೂ ನಿಷೇಧವಿಲ್ಲ. ಶೀಟು ಸುಮ್ನೆ ಇರುವಾಗ ಎಳೆಗಳು ಸಿಮೆಂಟಿನೊಳಗೆ ಸಿಕ್ಕಿಕೊಂಡಿರುತ್ತವೆ. ಕೆರೆದಾಗ, ವೈರ್ ಬ್ರಷ್ ಹಾಕಿ ಉಜ್ಜಿದಾಗ, ಗ್ರೈಂಡರ್ ಹಿಡಿದಾಗ ಬಿಡುಗಡೆಯಾಗುತ್ತವೆ. ಆದ್ದರಿಂದ ಶೀಟಿನ ಕೆಳಮೈಯನ್ನು ನುಣುಪು ಮಾಡಲು ಹೋಗಲೇಬೇಡಿ. ಅಲ್ಲಿ ಒಂದೇ ದಾರಿ, ಗೋಡೆಯಿಂದ ಗೋಡೆಗೆ ಕಬ್ಬಿಣದ ಪೈಪು ಕೊಟ್ಟು, ಶೀಟಿಗೆ ತೂತು ಹೊಡೆಯದೆ ಕೆಳಗೆ ಬೇರೆ ಸೀಲಿಂಗ್ ಕಟ್ಟುವುದು. ಅಗ್ಗವಾಗುತ್ತದೆ ಅಂತ ಥರ್ಮಾಕೋಲ್ ಹಲಗೆ ಹಾಕಿಸುತ್ತಾರೆ. ಅದರ ಮೇಲೆ ಕರೆಂಟ್ ವೈರ್ ಹಾದುಹೋಗುತ್ತದೆ, ಕಿಡಿ ಬಿದ್ದರೆ ಥರ್ಮಾಕೋಲ್ ಕ್ಷಣದಲ್ಲಿ ಹತ್ತಿಕೊಳ್ಳುತ್ತದೆ. ಅದು ಬೇಡ.

ಆರ್‌ಸಿಸಿ ಮನೆಯವರಿಗೆ ಭಯ ಬೇಡ, ಎಚ್ಚರಿಕೆ ಬೇಕು. ಒಣಗಾರೆ ಉಜ್ಜಿದಾಗ ಏಳುವ ಮರಳಿನ ನವಿರು ಧೂಳು ಕೂಡ ಶ್ವಾಸಕೋಶಕ್ಕೆ ಕೆಟ್ಟದ್ದು. ಹಳೇ ಆಯಿಲ್ ಪೇಂಟ್‌ನಲ್ಲಿ ಸೀಸ ಇರಬಹುದು. ಮನೆ ಬಣ್ಣಗಳಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ 90 ಪಾಲು, ಮೀರಬಾರದು ಅನ್ನುವ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಹಾಗಾಗಿ ಒದ್ದೆ ಮಾಡಿಯೇ ಕೆರೆಯಬೇಕು. ಎನ್-95 ಮಾಸ್ಕ್ ಹಾಕಬೇಕು. ಕರ್ಚೀಫು ಕಟ್ಟಿಕೊಂಡರೆ ಈ ಧೂಳು ನಿಲ್ಲುವುದಿಲ್ಲ. ಮಕ್ಕಳು, ಬಸುರಿಯರು ಆ ದಿನ ಮನೆಯಲ್ಲಿ ಇರಬಾರದು.

ಸೀಲಿಂಗ್ ಬಿಡಿ, ಮೊದಲು ತಾರಸಿ ನೋಡಿ

ಜಾಸ್ತಿ ಜನ ಬಿಟ್ಟುಬಿಡುವುದು ಇದನ್ನೇ. ಡಿಸೈನ್ ಉದುರುತ್ತಿದೆ, ಅದಕ್ಕೇ ತೆಗೆಸುತ್ತಿದ್ದೇವೆ ಅನ್ನುತ್ತಾರೆ. ಉದುರುತ್ತಿರುವುದು ಯಾಕೆ ಅಂತ ಕೇಳಿದರೆ ಹಳೇದಾಯ್ತಲ್ಲ ಅನ್ನುತ್ತಾರೆ. ಗಾರೆ ಹಳೇದಾದ ಮಾತ್ರಕ್ಕೆ ಉದುರುವುದಿಲ್ಲ. ಮೇಲಿಂದ ನೀರು ಇಳಿಯುತ್ತಿರಬೇಕು, ಇಲ್ಲವೇ ಒಳಗಿನ ಕಂಬಿ ತುಕ್ಕು ಹಿಡಿದಿರಬೇಕು, ಇಲ್ಲವೇ ಮೊದಲೇ ಸರಿಯಾಗಿ ಹಿಡಿದಿರಲಿಲ್ಲ.

ನೀರಿನ ಗುರುತು ಸುಲಭ. ಹಳದಿ ಅಥವಾ ಕಂದು ಕಲೆ, ಅಂಚಿನಲ್ಲಿ ಬಿಳಿ ಉಪ್ಪಿನ ಪುಡಿ. ತಾರಸಿ ಮೇಲೆ ಹೋಗಿ ನೋಡಿ. ಮಳೆನೀರಿನ ಪೈಪಿಗೆ ಎಲೆ ಕಟ್ಟಿಕೊಂಡಿದೆಯಾ, ಸಿಂಟೆಕ್ಸ್ ತುಂಬಿ ಹರಿಯುವ ಜಾಗ ಯಾವಾಗಲೂ ಒದ್ದೆಯಾ, ಮೇಲೆ ಬಚ್ಚಲು ಇದೆಯಾ? ಕಣ್ಣಿಗೆ ಏನೂ ಕಾಣದಿದ್ದರೆ ಸೀಲಿಂಗ್‌ಗೆ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಬಿಗಿಯಾಗಿ ಅಂಟಿಸಿ, ಒಂದು ದಿನ ಬಿಡಿ. ಹಾಳೆಯ ಒಳಗೆ ಬೆವರಿದ್ದರೆ ಮೋಲ್ಡ್‌ನಲ್ಲಿ ಇನ್ನೂ ತೇವ ಇದೆ. ಸೋರುವುದನ್ನು ನಿಲ್ಲಿಸಿ, ಒಣಗಲು ಬಿಟ್ಟು, ಆಮೇಲೆ ಸೀಲಿಂಗ್ ಮುಟ್ಟಿ.

ಕಂಬಿ ತುಕ್ಕು ಇನ್ನೂ ಗಂಭೀರ. ಹೊಸ ಕಾಂಕ್ರೀಟ್ ತುಂಬ ಕ್ಷಾರ ಗುಣದ್ದು. ಆ ಕ್ಷಾರವೇ ಕಂಬಿಗೆ ರಕ್ಷಣೆ. ವರ್ಷಗಳು ಕಳೆದಂತೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೊರಗಿನಿಂದ ಒಳಕ್ಕೆ ಇಂಗುತ್ತಾ ಕ್ಷಾರವನ್ನು ಕಡಿಮೆ ಮಾಡುತ್ತದೆ. ಅದು ಕಂಬಿಯವರೆಗೆ ತಲುಪಿ, ಜೊತೆಗೆ ತೇವವೂ ಸಿಕ್ಕರೆ ತುಕ್ಕು ಶುರು. ಮೋಲ್ಡ್‌ನ ಕೆಳಮೈಯಿಂದ ಕಂಬಿಗೆ ಸಾಮಾನ್ಯವಾಗಿ 15-20 ಮಿ.ಮೀ. ಅಂತರ ಇರಬೇಕು ಅನ್ನುತ್ತದೆ ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456. ಹಳೇ ಮನೆಗಳಲ್ಲಿ ಮೋಲ್ಡ್ ಹಾಕುವಾಗ ಕಂಬಿ ಸೆಂಟ್ರಿಂಗ್ ಮೇಲೇ ಕೂತುಬಿಟ್ಟಿದ್ದರೆ ಆ ಅಂತರ ಇರುವುದೇ ಇಲ್ಲ. ತುಕ್ಕು ಹಿಡಿದ ಕಬ್ಬಿಣ ಮೊದಲಿಗಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಕೇಳುತ್ತದೆ. ಆ ಒತ್ತಡಕ್ಕೆ ಕೆಳಗಿನ ಕಾಂಕ್ರೀಟ್ ಉಬ್ಬಿ, ಬಿರಿದು, ಹೆಂಚು ಹೆಂಚಾಗಿ ಬೀಳುತ್ತದೆ.

ಇದರ ಗುರುತು ನೆಟ್ಟಗಿನ ಬಿರುಕು. ಅಡ್ಡಾದಿಡ್ಡಿ ಕೂದಲು ಬಿರುಕಲ್ಲ, ಗೆರೆ ಎಳೆದಂತೆ ಒಂದೇ ದಿಕ್ಕಿಗೆ ಓಡುವ, ಅರ್ಧ ಅಡಿಗೊಂದರಂತೆ ಪಕ್ಕ ಪಕ್ಕ ಬರುವ ಬಿರುಕು. ಒಳಗೆ ಕಂಬಿ ಹಾದುಹೋಗಿರುವ ದಾರಿಯೇ ಅದು. ಕೋಲಿನ ತುದಿಯಿಂದ ಸೀಲಿಂಗ್ ಉದ್ದಕ್ಕೂ ಬಡಿದು ನೋಡಿ. ಗಟ್ಟಿ ಜಾಗ ಟಕ್ ಟಕ್ ಅನ್ನುತ್ತದೆ, ಟೊಳ್ಳು ಜಾಗ ಡಬ್ ಡಬ್. ಟೊಳ್ಳಿನ ಸುತ್ತ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಳ್ಳಿ, ನೇರ ಕೆಳಗೆ ನಿಲ್ಲಬೇಡಿ.

ಅಲ್ಲಲ್ಲಿ ಅಂಗೈಯಗಲ ಟೊಳ್ಳಿದ್ದರೆ ಒಡೆದು, ಕಂಬಿಯ ತುಕ್ಕನ್ನು ಉಜ್ಜಿ ತೆಗೆದು, ತುಕ್ಕು ತಡೆಯುವ ಪ್ರೈಮರ್ ಹೊಡೆದು, ಪಾಲಿಮರ್ ಬೆರೆಸಿದ ಗಾರೆ ತುಂಬುತ್ತಾರೆ. ಕಂಬಿ ಸವೆದು ಸಣ್ಣಗಾಗಿದ್ದರೆ, ಅಥವಾ ಅರ್ಧ ಸೀಲಿಂಗ್ ಡಬ್ ಅಂದರೆ, ಪೇಂಟರ್ ಕೆಲಸ ಅಲ್ಲ ಅದು. ಸಿವಿಲ್ ಎಂಜಿನಿಯರ್ ಬಂದು ನೋಡಬೇಕು. ಇಂಥ ಮೋಲ್ಡ್ ಕೆಳಗೆ ಫಾಲ್ಸ್ ಸೀಲಿಂಗ್ ಹಾಕಿಸಿ ಮುಚ್ಚಿಬಿಡುವುದು ಈ ಇಡೀ ವಿಷಯದಲ್ಲಿ ಅತಿ ಕೆಟ್ಟ ತೀರ್ಮಾನ. ಕಾಯಿಲೆ ಬೆಳೆಯುತ್ತದೆ, ಕಾಣುವುದಿಲ್ಲ.

ಕೆರೆಸುವುದಾದರೆ

ಪಿಒಪಿ, ಸುಣ್ಣ, ಡಿಸ್ಟೆಂಪರ್‌ಗೆ ಇದು ಸರಿ. ಮೇನ್ ಆಫ್ ಮಾಡಿ ಫ್ಯಾನ್ ಇಳಿಸಬೇಕು. ನೀರು ಹೊಡೆಯುವ ಕೆಲಸ ಆದ್ದರಿಂದ ಸೀಲಿಂಗ್ ಪಾಯಿಂಟ್‌ಗಳಿಗೆ ಟೇಪ್ ಸುತ್ತಿರಬೇಕು. ನೆಲಕ್ಕೆ ಟಾರ್ಪಾಲ್ ಹಾಸಬೇಕು. ಕಣ್ಣಿಗೆ ಕನ್ನಡಕ ಇಲ್ಲದೆ ಯಾರೂ ಮೇಲೆ ನೋಡಿ ಬ್ಲೇಡ್ ಹಿಡಿಯಬಾರದು. ಸುಣ್ಣದ ಚೂರು ಕಣ್ಣಿಗೆ ಬಿದ್ದರೆ ಸುಡುತ್ತದೆ.

ಸಿಮೆಂಟ್ ಡಿಸೈನ್ ಕೆರೆಯಲು ಆಗುವುದಿಲ್ಲ, ಉಳಿ ಸುತ್ತಿಗೆ ಬೇಕು. ಗಾರೆ ಗಟ್ಟಿ ಇರುವಾಗ ಅಷ್ಟೊಂದು ಬಡಿಯುವುದಕ್ಕೆ ಅರ್ಥವಿಲ್ಲ. ಅದನ್ನು ಮುಚ್ಚಿಸಿ.

ಮುಚ್ಚುವುದಾದರೆ: ಪುಟ್ಟಿಯ ಮಿತಿ

"ಎಲ್ಲಾ ಪುಟ್ಟಿಯಲ್ಲೇ ಮುಚ್ಚಿಬಿಡ್ತೀನಿ ಬಿಡಿ ಸಾರ್" ಅನ್ನುವ ಪೇಂಟರ್ ಸಿಗುತ್ತಾರೆ. ಇಲ್ಲಿ ತಡೆದು ಒಂದು ಲೆಕ್ಕ ಕೇಳಿ. ಬಿಳಿ ಸಿಮೆಂಟ್ ಪುಟ್ಟಿ ಇರುವುದು ಸಣ್ಣ ತೂತು, ಒರಟು ಮುಚ್ಚುವುದಕ್ಕೆ. ಎರಡು ಕೋಟ್ ಸೇರಿ ಒಂದೂವರೆ ಮಿ.ಮೀ. ಆಸುಪಾಸು ಅದರ ಮಿತಿ. ಅದಕ್ಕಿಂತ ದಪ್ಪ ಎಳೆದರೆ ಒಣಗುವಾಗ ಕುಗ್ಗಿ ಕೂದಲು ಬಿರುಕು ಬಿಡುತ್ತದೆ, ಆಮೇಲೆ ಸಿಪ್ಪೆ ಏಳುತ್ತದೆ. ನಿಮ್ಮ ಡಿಸೈನ್‌ನ ತಗ್ಗು ನಾಲ್ಕೈದು ಮಿ.ಮೀ. ಇದ್ದರೆ ಬರೀ ಪುಟ್ಟಿ ಸಾಲದು.

ಕ್ರಮ ಹೀಗೆ. ಮೊದಲು ಉಬ್ಬಿನ ತಲೆಗಳನ್ನು ಮಾತ್ರ ತಟ್ಟಿ ಬೀಳಿಸುವುದು. ಆಮೇಲೆ ತೊಳೆಯುವುದು. ಅಡುಗೆಮನೆಯ ಜಿಡ್ಡಿಗೆ ಸೋಪಿನ ನೀರು ಬೇಕೇ ಬೇಕು, ಜಿಡ್ಡಿನ ಮೇಲೆ ಯಾವುದೂ ಅಂಟುವುದಿಲ್ಲ. ಒಣಗಿದ ಮೇಲೆ ಬಾಂಡಿಂಗ್ ಏಜೆಂಟ್ ಅನ್ನುವ ಅಂಟು ದ್ರವದ ಒಂದು ಕೋಟ್. ನಂತರ ಜಿಪ್ಸಂ ಪ್ಲಾಸ್ಟರ್ ಅಥವಾ ಪಿಒಪಿಯಿಂದ ತಗ್ಗು ತುಂಬಿ ಮಟ್ಟಸ ಮಾಡುವುದು. ಕೊನೆಗೆ ತೆಳ್ಳಗೆ ಎರಡು ಕೋಟ್ ಪುಟ್ಟಿ, ಪ್ರತಿ ಕೋಟ್ ಪೂರ್ತಿ ಒಣಗಿದ ಮೇಲೆ ಮುಂದಿನದು. ತೇವ ಬರುವ ಸಾಧ್ಯತೆ ಇರುವ ಬಚ್ಚಲು, ಅಡುಗೆಮನೆಗೆ ಜಿಪ್ಸಂ ಬದಲು ಸಿಮೆಂಟ್ ಗಾರೆಯೇ ವಾಸಿ.

ಇಷ್ಟೆಲ್ಲ ಮೆತ್ತಿದರೆ ಮೋಲ್ಡ್ ತಡೆಯುತ್ತದಾ ಅಂತ ಕೆಲವರು ಹೆದರುತ್ತಾರೆ. 12ಕ್ಕೆ 10 ಅಡಿಯ ಕೋಣೆಗೆ 6 ಮಿ.ಮೀ. ಜಿಪ್ಸಂ ಹಾಕಿದರೆ ಸುಮಾರು 70 ಕೆ.ಜಿ. ಆಗಬಹುದು. ಅದೇ ಕೋಣೆಯ ಐದು ಇಂಚಿನ ಮೋಲ್ಡ್ ತಾನೇ ಸುಮಾರು ಮೂರೂವರೆ ಟನ್ ತೂಗುತ್ತದೆ. ಮೋಲ್ಡ್‌ಗೆ ಈ ಭಾರ ಲೆಕ್ಕಕ್ಕೇ ಇಲ್ಲ. ಲೆಕ್ಕ ಇರುವುದು ಅಂಟಿಗೆ. 70 ಕೆ.ಜಿ. ತಲೆಯ ಮೇಲೆ ಬರೀ ಅಂಟಿನ ಬಲದಿಂದ ನೇತಾಡುತ್ತದೆ. ಅದಕ್ಕೇ ತೊಳೆಯುವ ಕೆಲಸದಲ್ಲಿ ಅವಸರ ಮಾಡಲು ಬಿಡಬೇಡಿ.

ಕೆಲಸ ನೋಡುವ ವಿಧಾನವೂ ಇದೆ. ಸಂಜೆ ಕತ್ತಲಾದ ಮೇಲೆ ಟಾರ್ಚನ್ನು ಸೀಲಿಂಗ್‌ಗೆ ಒತ್ತಿ, ಬೆಳಕು ಅಡ್ಡಕ್ಕೆ ಹರಿಯುವಂತೆ ಹಿಡಿಯಬೇಕು. ಹಗಲಲ್ಲಿ ಕನ್ನಡಿಯಷ್ಟು ನುಣ್ಣಗೆ ಕಂಡ ಸೀಲಿಂಗ್‌ನಲ್ಲಿ ಪಟ್ಟಿ ಎಳೆದ ಒಂದೊಂದು ಗೆರೆಯೂ ಉದ್ದ ನೆರಳು ಬಿಟ್ಟು ಎದ್ದು ಕಾಣುತ್ತದೆ. ಒಳ್ಳೆಯ ಪೇಂಟರ್ ತಾನೇ ಹಾಗೆ ನೋಡಿ ಪೆನ್ಸಿಲ್‌ನಲ್ಲಿ ಸುತ್ತು ಹಾಕಿಕೊಳ್ಳುತ್ತಾನೆ. ಬಣ್ಣಕ್ಕೆ ಹೊಳಪಿಲ್ಲದ ಮ್ಯಾಟ್ ಬಿಳಿ ಸಾಕು. ಹೊಳಪಿನ ಬಣ್ಣ ಅಲೆಯನ್ನೆಲ್ಲ ತೋರಿಸಿಕೊಡುತ್ತದೆ.

ಫಾಲ್ಸ್ ಸೀಲಿಂಗ್ ಯಾವಾಗ?

ಮೋಲ್ಡ್ ಗಟ್ಟಿ ಇದೆ, ಸೋರುವುದಿಲ್ಲ, ಆದರೆ ತುಂಬ ಅಂಕುಡೊಂಕು. ಆಗ ಇದು ಚೊಕ್ಕ ದಾರಿ. ಡಿಸೈನ್ ಮುಟ್ಟುವುದೇ ಬೇಡ, ಧೂಳೂ ಇಲ್ಲ. ಜಿಐ ಚಾನೆಲ್ (ಸತು ಲೇಪಿಸಿದ ಕಬ್ಬಿಣದ ಪಟ್ಟಿ) ಕಟ್ಟಿ 12.5 ಮಿ.ಮೀ. ಜಿಪ್ಸಂ ಬೋರ್ಡ್ ಹೊಡೆಯುತ್ತಾರೆ. ಬಚ್ಚಲಿಗೆ ಪಿವಿಸಿ ಪ್ಯಾನೆಲ್.

ಮೊದಲು ಟೇಪ್ ಹಿಡಿದು ಎತ್ತರ ಅಳೆಯಿರಿ. ವಾಸದ ಕೋಣೆ ನೆಲದಿಂದ ಸೀಲಿಂಗ್‌ಗೆ ಕನಿಷ್ಠ 2.75 ಮೀಟರ್, ಅಂದರೆ ಒಂಬತ್ತು ಅಡಿ ಇರಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಸಾದಾ ಫಾಲ್ಸ್ ಸೀಲಿಂಗ್ ನಾಲ್ಕರಿಂದ ಆರು ಇಂಚು ತಿನ್ನುತ್ತದೆ. ಹತ್ತು ಅಡಿಯ ಕೋಣೆಗೆ ಅಡ್ಡಿಯಿಲ್ಲ. ಒಂಬತ್ತಕ್ಕೆ ಬೇಡ. ಫ್ಯಾನ್ ಭಾರ ಯಾವ ಕಾರಣಕ್ಕೂ ಬೋರ್ಡ್ ಮೇಲೆ ಬೀಳಬಾರದು, ಉದ್ದ ರಾಡ್ ಹಾಕಿ ಮೋಲ್ಡ್‌ನ ಹುಕ್ಕಿಗೇ ನೇತುಹಾಕಬೇಕು.

ತಂಪಾಗುತ್ತದೆ ಅಂತ ಹಾಕಿಸುವವರೂ ಇದ್ದಾರೆ. ಏಪ್ರಿಲ್ ಬಿಸಿಲಿಗೆ ಕಾದ ಮೋಲ್ಡ್ ರಾತ್ರಿಯೆಲ್ಲ ಕೆಳಗೆ ಕಾವು ಬಿಡುತ್ತದೆ. ನಡುವೆ ಗಾಳಿಯ ಪದರ ಇದ್ದರೆ ಸ್ವಲ್ಪ ತಡೆಯುತ್ತದೆ, ನಿಜ. ಆದರೆ ತಂಪಷ್ಟೇ ಬೇಕಿದ್ದರೆ ತಾರಸಿಗೆ ಬಿಳಿ ಬಣ್ಣವೋ ಸುಣ್ಣವೋ ಹೊಡೆಸಿ. ಕಾವು ಮೋಲ್ಡ್‌ಗೆ ಇಳಿಯುವ ಮೊದಲೇ ವಾಪಸ್ ಹೋಗುತ್ತದೆ, ಖರ್ಚೂ ಕಡಿಮೆ.

ರೇಟ್ ಮಾತಾಡುವಾಗ

ಚದರಡಿಗೆ ಇಷ್ಟು ಅನ್ನುವಾಗ ಮೆಟೀರಿಯಲ್ ಸೇರಿಯಾ, ಬರೀ ಲೇಬರ್ರಾ ಕೇಳಿ. ಫಾಲ್ಸ್ ಸೀಲಿಂಗ್‌ನಲ್ಲಿ ಇಳಿಬಿಟ್ಟ ಅಂಚು, ಲೈಟಿನ ಪಟ್ಟಿಗಳನ್ನು ಉದ್ದದ ಅಡಿ ಲೆಕ್ಕದಲ್ಲಿ ಬೇರೆ ಹಾಕುತ್ತಾರೆ, 120 ಚದರಡಿ ಕೋಣೆಗೆ ಬಿಲ್ ಅದಕ್ಕಿಂತ ಜಾಸ್ತಿ ಬರುವುದು ಹೀಗೆ. ಕಸ ಸಾಗಿಸುವವರು ಯಾರು ಅನ್ನುವುದನ್ನೂ ಮೊದಲೇ ಮಾತಾಡಿ. ಹಾಗೇ, ಒಡೆದ ಮೇಲೆ ಟೊಳ್ಳು ಅಥವಾ ತುಕ್ಕು ಕಂಬಿ ಸಿಕ್ಕರೆ ಆ ರಿಪೇರಿಗೆ ಚದರಡಿಗೆ ಎಷ್ಟು ಅಂತ ಕೊಟೇಷನ್‌ನಲ್ಲೇ ಬರೆಸಿಕೊಳ್ಳಿ. ಅರ್ಧ ಸೀಲಿಂಗ್ ಕೆಳಗೆ ಬಿದ್ದಿರುವಾಗ ಚೌಕಾಸಿ ನಡೆಯುವುದಿಲ್ಲ.